30 ಕೆಜಿ ದಾಟಿದರೆ ಬೆಲ್ಟ್ ಜಾರುತ್ತೆ, ಭುಜ ಹಿಡಿಯುತ್ತೆ: ದೊಡ್ಡ ಬ್ಯಾಗ್ ಬೇಕಾ, ಬೇರೆ ಫ್ರೇಮ್ ಬೇಕಾ?

ಗುಡ್ಡದಾರಿ:

ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಬ್ಯಾಗ್ ಆರಿಸಬೇಕು. ಐದು ದಿನದ ಟ್ರಿಪ್, ಗಾಡಿ ನಿಲ್ಲಿಸೋ ಜಾಗದಿಂದ 8 ಕಿ.ಮೀ. ಒಳಗೆ ಕ್ಯಾಂಪ್. ಈಗಿರೋದು 75 ಲೀಟರಿನ ಟ್ರೆಕ್ಕಿಂಗ್ ಬ್ಯಾಗ್, ಬೆನ್ನಿನ ಕಡೆ ಫ್ರೇಮಾಗಿ ಎರಡು ಅಲ್ಯೂಮಿನಿಯಂ ಪಟ್ಟಿ. 20 ಕೆಜಿವರೆಗೆ ಏನೂ ತಕರಾರಿಲ್ಲ. ಮರಳಿನ ಮೂಟೆ ಸೇರಿಸಿ 32 ಕೆಜಿ ಮಾಡಿ ನಡೆದರೆ ಇಷ್ಟು ತೊಂದರೆ:

– ಸೊಂಟದ ಬೆಲ್ಟ್ ಎಷ್ಟು ಬಿಗಿದರೂ ಹತ್ತು ನಿಮಿಷಕ್ಕೆ ಕೆಳಗಿಳಿಯುತ್ತೆ.
– ಭಾರವೆಲ್ಲ ಭುಜದ ಮೇಲೆ. ಲೋಡ್ ಲಿಫ್ಟರ್ (ಭುಜದ ಸ್ಟ್ರಾಪಿನಿಂದ ಫ್ರೇಮಿನ ತುದಿಗೆ ಹೋಗೋ ಸಣ್ಣ ಪಟ್ಟಿ) ಎಳೆದರೆ ಭಾರ ಎದ್ದೇಳೋ ಬದಲು ಇನ್ನೂ ಒತ್ತುತ್ತೆ.
– ಬಲತೊಡೆಯ ಹೊರಭಾಗ ಜೋಮು ಹಿಡಿಯುತ್ತೆ.
– ಯಾರೋ ಹಿಂದಿನಿಂದ ಎಳೆದ ಹಾಗೆ.

105 ಲೀಟರಿನದು ತಗೊಂಡರೆ ಸರಿಹೋಗುತ್ತಾ? ಕಾರ್ಬನ್ ಫ್ರೇಮಿಗೆ ದುಡ್ಡು ಹಾಕೋದು ದಂಡವಾ?

ಹೊರೆಗಾರ:

ಲೀಟರ್ ವಿಷಯ ಸದ್ಯಕ್ಕೆ ಪಕ್ಕಕ್ಕಿಡಿ. ಎಷ್ಟು ತುಂಬಬಹುದು ಅಂತ ಲೀಟರ್ ಹೇಳುತ್ತೆ, ಎಷ್ಟು ಹೊರಬಹುದು ಅಂತ ಹೇಳಲ್ಲ. ನೀವು ಹೇಳಿದ ನಾಲ್ಕರಲ್ಲಿ ಒಂದೂ ಚೀಲದ ದೋಷ ಅಲ್ಲ. ಮೊದಲು ಈ ಅಳತೆ ಕೊಡಿ:

1. ಬೆನ್ನಿನ ಉದ್ದ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣೋ ಗಂಟಿನಿಂದ, ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ. ಎರಡೂ ಕೈ ಸೊಂಟದ ಮೇಲಿಟ್ಟು ಹೆಬ್ಬೆರಳು ಹಿಂದೆ ಚಾಚಿದರೆ ಆ ಮಟ್ಟ ಸಿಗುತ್ತೆ. ಟೇಪ್ ಬೆನ್ನುಮೂಳೆಯ ಬಳುಕಿಗೆ ಅಂಟಿಕೊಂಡೇ ಹೋಗಬೇಕು. ಒಬ್ಬರೇ ಅಳೆಯೋಕೆ ಹೋಗಬೇಡಿ, 2–3 ಸೆಂ.ಮೀ. ತಪ್ಪು ಗ್ಯಾರಂಟಿ.
2. ಸೊಂಟದ ಮೂಳೆಯ ಮೇಲಿನ ಸುತ್ತಳತೆ. ಪ್ಯಾಂಟಿನ ಸೈಜ್ ಹೇಳಬೇಡಿ, ಅದು ಬೇರೆ ಜಾಗದ್ದು.
3. ಫ್ರೇಮಿನ ಒಟ್ಟು ಎತ್ತರ, ಮತ್ತು ಅದರ ತಳದಿಂದ ಬೆಲ್ಟಿನ ನಡುಗೆರೆ ಎಷ್ಟು ಮೇಲಿದೆ.
4. ಭಾರ ಹೊತ್ತು ಬಿಗಿದಾಗ ಬೆಲ್ಟಿನ ಎರಡು ಪ್ಯಾಡ್‌ಗಳ ಮಧ್ಯೆ ಮುಂದೆ ಉಳಿಯೋ ಜಾಗ.

ಒಂದು ಪರೀಕ್ಷೆಯನ್ನೂ ಮಾಡಿ. ಖಾಲಿ ಬ್ಯಾಗ್ ಹಾಕಿಕೊಂಡಾಗ ಫ್ರೇಮಿನ ತುದಿಯಿಂದ ಬೆಲ್ಟಿನ ನಡುವಿಗೆ ಎಷ್ಟಿದೆ ಅಂತ ಪಕ್ಕದಲ್ಲಿದ್ದವರಿಂದ ಅಳೆಸಿ. 32 ಕೆಜಿ ಹಾಕಿ, ಭುಜದ ಸ್ಟ್ರಾಪ್ ಪೂರ್ತಿ ಸಡಿಲ ಬಿಟ್ಟು, ಮತ್ತೆ ಅಳೆಸಿ. ಎಷ್ಟು ಕಮ್ಮಿಯಾಯ್ತು ಅನ್ನೋದೇ ನಮಗೆ ಬೇಕು.

ಗುಡ್ಡದಾರಿ:

ಬೆನ್ನು 52 ಸೆಂ.ಮೀ., ಸೊಂಟ 84. ಫ್ರೇಮ್ 56, ಬೆಲ್ಟಿನ ನಡುಗೆರೆ ತಳದಿಂದ 6 ಸೆಂ.ಮೀ. ಮೇಲೆ. ಪ್ಯಾಡ್‌ಗಳ ನಡುವೆ 2 ಸೆಂ.ಮೀ. ಕೂಡ ಇಲ್ಲ, ಹೆಚ್ಚುಕಮ್ಮಿ ಒಂದಕ್ಕೊಂದು ತಾಗುತ್ತೆ. ಖಾಲಿ ಇದ್ದಾಗ 50, ಭಾರ ಹಾಕಿದರೆ 47.

ಹೊರೆಗಾರ:

ಸಿಕ್ಕಿತು ಬಿಡಿ. ಮೂರು ದೋಷ ಒಂದರ ಮೇಲೊಂದು ಕೂತಿವೆ.

ಮೊದಲನೆಯದು ಎತ್ತರ. ಭುಜದ ಮೇಲ್ಭಾಗ ಕತ್ತಿನ ಗಂಟಿಗಿಂತ ಸುಮಾರು 5 ಸೆಂ.ಮೀ. ಕೆಳಗಿರುತ್ತೆ. ಅಂದರೆ ನಿಮ್ಮ ಭುಜ ಸೊಂಟದ ಮೂಳೆಯಿಂದ 47 ಸೆಂ.ಮೀ. ಮೇಲೆ. ಫ್ರೇಮಿನ ತುದಿ ಖಾಲಿ ಇದ್ದಾಗ 50, ಅಂದರೆ ಭುಜಕ್ಕಿಂತ ಮೂರೇ ಮೂರು ಸೆಂ.ಮೀ. ಮೇಲೆ. ಭಾರ ಬಿದ್ದ ಮೇಲೆ ಅದೂ ಇಲ್ಲ. ಲೋಡ್ ಲಿಫ್ಟರ್ ಕೆಲಸ ಮಾಡಬೇಕಾದರೆ ಭುಜದ ಸ್ಟ್ರಾಪಿನಿಂದ ಫ್ರೇಮಿನ ಕಡೆಗೆ ಏರಿಕೊಂಡು ಹೋಗಬೇಕು, 30ರಿಂದ 45 ಡಿಗ್ರಿ ಓರೆಯಲ್ಲಿ. ಆಗ ಅದನ್ನು ಎಳೆದರೆ ಸ್ಟ್ರಾಪ್ ಭುಜದಿಂದ ಮೇಲಕ್ಕೆದ್ದು ಭಾರ ಸೊಂಟಕ್ಕೆ ಹೋಗುತ್ತೆ. ನಿಮ್ಮದು ಮಟ್ಟಸವಾಗಿದೆ, ಆದ್ದರಿಂದ ಎಳೆದಷ್ಟೂ ಸ್ಟ್ರಾಪ್ ಭುಜಕ್ಕೆ ಕಚ್ಚುತ್ತೆ.

ಎರಡನೆಯದು ಕುಸಿತ. 1 ಸೆಂ.ಮೀ. ಒಳಗಿದ್ದರೆ ಅದನ್ನು ಲೆಕ್ಕಕ್ಕೆ ತಗೋಬೇಕಿಲ್ಲ, ನಿಮ್ಮದು 3. ಪಟ್ಟಿಗಳು ಬಾಗುತ್ತಿವೆ, ಇಲ್ಲವೇ ಪಟ್ಟಿಯ ತಳ ಬೆಲ್ಟಿಗೆ ಸೇರದೆ ಬಟ್ಟೆಯ ಜೇಬಿನಲ್ಲೇ ನಿಂತಿದೆ. ಟ್ರೆಕ್ಕಿಂಗ್ ಬ್ಯಾಗುಗಳಲ್ಲಿ ಈ ಎರಡನೇ ತರದ್ದು ಸಾಮಾನ್ಯ. ಭಾರ ಹೆಚ್ಚಾದ ಹಾಗೆ ಬಟ್ಟೆ ಜೋತುಬಿದ್ದು ಚೀಲ ಬೆಲ್ಟಿನ ಮೇಲೆ ಕೂತುಬಿಡುತ್ತೆ.

ಮೂರನೆಯದು ಬೆಲ್ಟ್. ಪ್ಯಾಡ್ ಪ್ಯಾಡಿಗೆ ತಾಗಿದ ಮೇಲೆ ಬಿಗಿಯೋಕೆ ಏನು ಉಳಿಯಿತು? ನೀವು ಎಳೆಯುತ್ತಿರೋದು ಪ್ಯಾಡನ್ನು ಪ್ಯಾಡಿಗೆ, ಸೊಂಟಕ್ಕಲ್ಲ. ಭಾರ ಹೊತ್ತಾಗ ಮುಂದೆ 8ರಿಂದ 15 ಸೆಂ.ಮೀ. ಜಾಗ ಉಳಿಯಬೇಕು. ಐದು ದಿನ ಗುಡ್ಡ ಹತ್ತಿಳಿದರೆ ಸೊಂಟವೂ ಸ್ವಲ್ಪ ಕರಗುತ್ತೆ, ಅದಕ್ಕೂ ಅವಕಾಶ ಬೇಕು.

ತೊಡೆಯ ಜೋಮು ಇದರ ಮಗು. ಬೆಲ್ಟ್ ಕೆಳಗೆ ಜಾರಿದ ಮೇಲೆ ನೀವು ಅಲ್ಲೇ ಮತ್ತೆ ಬಿಗಿಯುತ್ತೀರಿ. ಸೊಂಟದ ಮೂಳೆ ಮುಂಭಾಗದಲ್ಲಿ ಚೂಪಾಗಿ ಬರೋ ಜಾಗದ ಹತ್ತಿರ ತೊಡೆಯ ಹೊರಚರ್ಮಕ್ಕೆ ಹೋಗೋ ನರ ಇದೆ, ಬೆಲ್ಟಿನ ಅಂಚು ಅದನ್ನು ಒತ್ತುತ್ತೆ. ಬೆಲ್ಟಿನ ನಡುಗೆರೆ ಮೂಳೆಯ ಮೇಲಂಚಿನ ಮೇಲೇ ಕೂರಬೇಕು. ಒಳಗೆ ಪ್ಯಾಂಟಿನ ಬೆಲ್ಟ್ ಹಾಕಬೇಡಿ, ಮುಂದಿನ ಜೇಬಲ್ಲಿ ಚಾಕು, ಕೀ ಇಡಬೇಡಿ. ಹೊರೆ ಇಳಿಸಿದ ಮೇಲೂ ಜೋಮು ಬಿಡದಿದ್ದರೆ ಬ್ಯಾಗ್ ಬಗ್ಗೆ ಕೇಳೋದು ಬಿಟ್ಟು ಡಾಕ್ಟರಿಗೆ ತೋರಿಸಿ.

ಯಾವ ಫ್ರೇಮ್ ಅನ್ನೋದಕ್ಕೆ ಅದೇ ಲೆಕ್ಕ ಸಾಕು. ತುದಿ ಭುಜಕ್ಕಿಂತ 8–12 ಸೆಂ.ಮೀ. ಮೇಲಿರಬೇಕು ಅಂದರೆ ಸೊಂಟದಿಂದ 55–59, ತಳದ 6 ಸೇರಿಸಿದರೆ 61–65. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗೋದು 24 ಇಂಚು ಮತ್ತು 26 ಇಂಚು, ಅಂದರೆ 61 ಮತ್ತು 66. ನೀವು ನಡುವೆ ಬೀಳುತ್ತೀರಿ. ಬಯಲು ಗುಡ್ಡ, ಭಾರೀ ಹೊರೆ ಅಂದರೆ 66. ದಟ್ಟ ಕಾಡಲ್ಲಿ ಬಗ್ಗಿ ನುಗ್ಗೋದು ಜಾಸ್ತಿ ಅಂದರೆ 61. 66ರಲ್ಲಿ ಕೊಂಬೆ ಸಿಕ್ಕಿಕೊಳ್ಳುತ್ತೆ, ಬ್ಯಾಗ್ ಬೆನ್ನಲ್ಲಿರುವಾಗಲೇ ಮಲಗಿ ಗುರಿ ಹಿಡಿದರೆ ತುದಿ ತಲೆಗೆ ತಾಗುತ್ತೆ. ಎಲ್ಕಿನ ಹೊರೆಗೆ ನನ್ನ ಮತ 66ಕ್ಕೆ.

ತೂಕದಕಟ್ಟು:

ಲೀಟರ್ ವಿಷಯಕ್ಕೆ ನಾನೊಂದು ಮಾತು ಸೇರಿಸ್ತೀನಿ. ಮೂಳೆ ಬಿಡಿಸಿದ ಮಾಂಸ ನೀರಿಗಿಂತ ಚೂರು ಸಾಂದ್ರ. 25 ಕೆಜಿ ಮಾಂಸ 24 ಲೀಟರಿನಷ್ಟು ಜಾಗ ಹಿಡಿಯುತ್ತೆ, ಅಷ್ಟೇ. ಅದೂ ಚೀಲದೊಳಗೆ ಹೋಗಬೇಕಿಲ್ಲ. ಬೇಟೆಗೇ ಅಂತ ಮಾಡಿದ ಫ್ರೇಮುಗಳಲ್ಲಿ ಚೀಲ ಫ್ರೇಮಿನಿಂದ ಸರಿದು ನಿಲ್ಲುತ್ತೆ, ಮಾಂಸ ಇವೆರಡರ ನಡುವಿನ ಲೋಡ್ ಶೆಲ್ಫಿನಲ್ಲಿ ಕೂರುತ್ತೆ. ಹಾಗಾಗಿ ಚೀಲದ ಲೀಟರ್ ಐದು ದಿನದ ಸಾಮಾನಿಗೆ ಸಾಕಾದರೆ ಆಯ್ತು, 80–90 ಧಾರಾಳ. 105 ತಗೊಂಡರೆ ಅದನ್ನು ತುಂಬಿಸೋ ಚಟ ಬರುತ್ತೆ.

ಫ್ರೇಮಿಗಿಂತ ಮೊದಲು ಮಾಡಬೇಕಾದ ಲೆಕ್ಕ ಇನ್ನೊಂದಿದೆ. ಬಲಿತ ಗಂಡು ಎಲ್ಕಿನಿಂದ ಮೂಳೆ ಬಿಟ್ಟು 80–100 ಕೆಜಿ ಮಾಂಸ ಬರಬಹುದು. ಒಬ್ಬರೇ ಆದರೆ 25 ಕೆಜಿಯಂತೆ ನಾಲ್ಕು ಹೊರೆ. 8 ಕಿ.ಮೀ. ಅಂದರೆ ಹೊತ್ತು ಬರೋದು 32 ಕಿ.ಮೀ., ಖಾಲಿ ವಾಪಸ್ ಹೋಗೋದು 24, ಒಟ್ಟು 56. ಕ್ಯಾಂಪ್ ಸಾಮಾನಿನ ಹೊರೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬಿಸಿಲಿದ್ದರೆ ಕೊನೇ ಹೊರೆ ಹೊರಡೋ ಹೊತ್ತಿಗೆ ಮಾಂಸ ಕೆಟ್ಟಿರುತ್ತೆ. ಜೊತೆಗಾರರಿಲ್ಲದಿದ್ದರೆ 8 ಕಿ.ಮೀ. ಅನ್ನೋದನ್ನೇ ಕಮ್ಮಿ ಮಾಡಿ. ಯಾವ ಫ್ರೇಮೂ ಮಾಡದ ಉಪಕಾರ ಅದು.

ಮೂಳೆ ಬಿಡಿಸೋ ಮುಂಚೆ ನಿಮ್ಮ ಲೈಸೆನ್ಸಿನ ನಿಯಮ ಓದಿ. ಗಂಡೋ ಹೆಣ್ಣೋ ಅನ್ನೋ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು ಅಂತ ಕೆಲವು ಕಡೆ ಇದೆ.

ಮೂಳೆಗಾರ:

ಮೂಳೆ ಸಮೇತ ಹಿಂದೊಡೆ ಹೊರೋದೇ ಒಂದು ರೀತೀಲಿ ಸುಲಭ ಅಲ್ವಾ? ನೆಟ್ಟಗೆ ನಿಲ್ಲುತ್ತೆ.

ತೂಕದಕಟ್ಟು:

ನಿಲ್ಲುತ್ತೆ, ಅದು ನಿಜ. ಬಿಡಿಸಿದ ಮಾಂಸ ಬಟ್ಟೆ ಚೀಲದಲ್ಲಿ ನೀರಿನ ಹಾಗೆ ಕೆಳಗಿಳಿದು ಡೊಳ್ಳಾಗುತ್ತೆ, ಭಾರ ಬೆನ್ನಿಂದ ದೂರ ಹೋಗುತ್ತೆ. ಆದರೆ ಮೂಳೆಯ ತೂಕ ಹೊತ್ತು ಏನು ಲಾಭ? ದೂರ 2 ಕಿ.ಮೀ. ಒಳಗಿದ್ದರೆ ಮೂಳೆ ಇರಲಿ, ಅದಕ್ಕಿಂತ ಜಾಸ್ತಿಯಾದರೆ ಬಿಡಿಸಿ. ಬಿಡಿಸಿದ್ದನ್ನು ಒಂದೇ ದೊಡ್ಡ ಚೀಲಕ್ಕೆ ಸುರಿಯಬೇಡಿ. 10–12 ಕೆಜಿಯ ಎರಡು ಉದ್ದನೆ ಚೀಲ ಮಾಡಿ, ಬಾಯಿ ಬಿಗಿಯಾಗಿ ಕಟ್ಟಿ, ಒಂದರ ಮೇಲೊಂದು ನಿಲ್ಲಿಸಿ. ಅಡಿಯಲ್ಲಿ ಸ್ಲೀಪಿಂಗ್ ಬ್ಯಾಗಿನಂಥ ಹಗುರ ಗಂಟು ಇಟ್ಟರೆ ಮಾಂಸ ಮೇಲೇರಿ ಭುಜದೆಲುಬುಗಳ ನಡುವೆ ಬರುತ್ತೆ. ಗಂಟು ಒದ್ದೆಯಾಗದ ಚೀಲದಲ್ಲಿರಲಿ, ರಕ್ತ ಇಳಿಯೋದು ಕೆಳಕ್ಕೇ.

ಕಟ್ಟೋ ಕ್ರಮ: ಮೊದಲು ಅಡಿ ಸ್ಟ್ರಾಪ್, ಆಮೇಲೆ ಮೇಲಿನದು, ಕೊನೆಗೆ ಪಕ್ಕದವು. ಪಕ್ಕದ್ದು ಮೊದಲು ಬಿಗಿದರೆ ಮಾಂಸ ಹಿಂಡಿಕೊಂಡು ಕೆಳಕ್ಕೆ ಹೋಗುತ್ತೆ, ಆಮೇಲೆ ಎಷ್ಟು ಎಳೆದರೂ ಮೇಲೆ ಬರಲ್ಲ. ಅರ್ಧ ಕಿಲೋಮೀಟರ್ ನಡೆದ ಮೇಲೆ ಒಮ್ಮೆ ನಿಂತು ಎಲ್ಲವನ್ನೂ ಮತ್ತೆ ಬಿಗಿಯಿರಿ.

ಪ್ಲಾಸ್ಟಿಕ್ ಕವರಿನಲ್ಲಿ ಮಾಂಸ ಕಟ್ಟಬೇಡಿ, ಒಳಗಿನ ಬಿಸಿ ಹೊರಗೆ ಹೋಗದೆ ಹುಳಿ ಬರುತ್ತೆ. ಗಾಳಿಯಾಡೋ ಬಟ್ಟೆ ಚೀಲ, ಬೆನ್ನಿನ ಕಡೆಗೆ ಮಾತ್ರ ಒಂದು ನೀರು ಹಿಡಿಯದ ಹಾಳೆ. ಕಟ್ಟೋ ಮುಂಚೆ ನೆರಳಲ್ಲಿ ನೇತುಹಾಕಿ ಮುಟ್ಟಿದರೆ ತಣ್ಣಗನ್ನಿಸೋವರೆಗೆ ಆರಲಿ.

ಹೊಲಿಗೆಪೆಟ್ಟಿಗೆ:

ಕಾರ್ಬನ್ನಾ ಅಲ್ಯೂಮಿನಿಯಮ್ಮಾ ಅಂತ ಕೇಳಿದ್ದಿರಿ. ಕಾರ್ಬನ್ನಲ್ಲಿ ಉಳಿಯೋದು ಕೆಲವು ನೂರು ಗ್ರಾಂ. ಇಡೀ ಬ್ಯಾಗೇ 2.2ರಿಂದ 3.5 ಕೆಜಿ ಇರುತ್ತೆ, 30 ಕೆಜಿ ಹೊರೆಯಲ್ಲಿ ಆ ವ್ಯತ್ಯಾಸ ಗೊತ್ತೇ ಆಗಲ್ಲ. ಅಲ್ಯೂಮಿನಿಯಂ ಬಗ್ಗಿದರೆ ಮೊಣಕಾಲಿಗಿಟ್ಟು ನೆಟ್ಟಗೆ ಮಾಡಿ ನಡೆಯಬಹುದು, ಕಾರ್ಬನ್ ಬಂಡೆಗೆ ಬಡಿದು ಸೀಳಿದರೆ ಅಲ್ಲಿಗೆ ಮುಗೀತು. ನನ್ನ ಕಣ್ಣಿಗೆ ಇದಕ್ಕಿಂತ ಮುಖ್ಯ ಬಕಲ್. ಸೊಂಟದ ಬಕಲ್ ಒಡೆದರೆ ಎಂಥ ಫ್ರೇಮಾದರೂ ಬರೀ ಮೂಟೆ. ಅದೇ ಅಗಲದ ಒಂದು ಸ್ಪೇರ್ ಇರಲಿ, ಹೊಲಿಗೆ ಬಿಚ್ಚದೆ ಪಟ್ಟಿ ತೂರಿಸಬಹುದಾದ ಸೀಳಿರೋ ತರದ್ದು. ಕೊಳ್ಳೋ ಮುಂಚೆ ಪಟ್ಟಿಯ ಅಗಲ ಸ್ಕೇಲಿಟ್ಟು ಅಳೆಯಿರಿ, 25 ಮತ್ತು 38 ಮಿ.ಮೀ. ಎರಡೂ ಚಾಲ್ತಿಯಲ್ಲಿವೆ. ಜೊತೆಗೆ ದಪ್ಪ ಸೂಜಿ, ನೈಲಾನ್ ದಾರ.

ಬಟ್ಟೆ 500 ಡೆನಿಯರ್ (ನೂಲಿನ ದಪ್ಪದ ಅಳತೆ) ಕಾರ್ಡುರಾ ಅನ್ನೋ ಗಟ್ಟಿ ನೈಲಾನ್ ಸಾಕು. ಉಗುರಿಂದ ಕೆರೆದು ನೋಡಿ, ಜೋರಾಗಿ ಸದ್ದು ಬಂದರೆ ಬೇಟೆಗೆ ಬೇಡ. ರಕ್ತ ತೊಳೆಯೋಕೆ ತಣ್ಣೀರು ಮಾತ್ರ, ಬಿಸಿನೀರು ಹಾಕಿದರೆ ಕಲೆ ಗಟ್ಟಿಯಾಗಿ ಕೂರುತ್ತೆ. ಬ್ಲೀಚ್ ನೈಲಾನನ್ನು ತಿನ್ನುತ್ತೆ.

ಗುಡ್ಡದಾರಿ:

66ರ ಫ್ರೇಮ್ ಬಾಡಿಗೆಗೆ ತಂದು, ಸಣ್ಣ ಬೆಲ್ಟ್ ಹಾಕಿ, ಅದೇ 32 ಕೆಜಿ ಹೊತ್ತು ನೋಡಿದೆ. ಮುಂದೆ 11 ಸೆಂ.ಮೀ. ಜಾಗ ಉಳಿಯಿತು, ಕುಸಿತ ಅರ್ಧ ಸೆಂ.ಮೀ. ಬೆಲ್ಟ್ ಜಾರಲಿಲ್ಲ, ಜೋಮೂ ಇಲ್ಲ. ಆದರೆ ಹಿಂದಕ್ಕೆಳೆಯೋದು ಪೂರ್ತಿ ಹೋಗಿಲ್ಲ. ಸೊಂಟದ ಹಿಂದೆ, ಬೆನ್ನಿನ ಬುಡದಲ್ಲಿ ಕೆಂಪಗೆ ಗುರುತು ಬಿದ್ದಿದೆ. ಲಿಫ್ಟರ್ ಪೂರ್ತಿ ಬಿಗಿದಿದ್ದೆ.

ಹೊರೆಗಾರ:

ಪೂರ್ತಿ ಬಿಗಿಯೋದು ಬೇಡ ಸರ್. ಲಿಫ್ಟರ್ ಅತಿಯಾಗಿ ಎಳೆದರೆ ಫ್ರೇಮಿನ ತುದಿ ಮುಂದೆ ಬಂದು ತಳ ಬೆನ್ನಿನ ಬುಡಕ್ಕೆ ಗುದ್ದುತ್ತೆ. ಹಾಕಿಕೊಳ್ಳೋ ಕ್ರಮ ಹೀಗಿರಲಿ: ಎಲ್ಲ ಸ್ಟ್ರಾಪ್ ಸಡಿಲ. ಭುಜ ಮೇಲೆತ್ತಿ ಬ್ಯಾಗನ್ನು ಚೂರು ಏರಿಸಿ, ಬೆಲ್ಟ್ ಮೂಳೆಯ ಮೇಲೆ ಕೂರಿಸಿ ಬಿಗಿಯಿರಿ. ಆಮೇಲೆ ಭುಜದ ಸ್ಟ್ರಾಪ್, ತಾಗಿದರೆ ಸಾಕು. ಕೊನೆಗೆ ಲಿಫ್ಟರ್, ಸ್ಟ್ರಾಪ್ ಭುಜದ ಮೇಲಿಂದ ಒಂದು ಬೆರಳು ಹೋಗೋಷ್ಟು ಏಳೋವರೆಗೆ. ಎದೆಪಟ್ಟಿ ಎಲ್ಲಕ್ಕಿಂತ ಕೊನೆಗೆ, ಸಡಿಲವಾಗಿ. ದಾರಿಯಲ್ಲಿ ಕೈಬೆರಳು ಜುಮ್ ಅಂದರೆ ಭುಜದ ಸ್ಟ್ರಾಪ್ ಕಂಕುಳನ್ನು ಒತ್ತುತ್ತಿದೆ ಅಂತ, ಅಲ್ಲೇ ನಿಂತು ಸಡಿಲಿಸಿ.

ಕೆಂಪು ಗುರುತಿಗೆ ಇನ್ನೊಂದು ಕಾರಣ ಸೊಂಟದ ಹಿಂದಿನ ದಪ್ಪ ಪ್ಯಾಡ್ ಇರಬಹುದು. ತೆಗೆಯೋಕೆ ಬಂದರೆ ಒಂದು ಪದರ ತೆಗೆದು ನೋಡಿ, ಪೂರ್ತಿ ಬೇಡ, ಬೆಲ್ಟ್ ಮತ್ತೆ ಜಾರುತ್ತೆ.

ಮರಳು ಎಲ್ಲಿಟ್ಟಿದ್ದಿರಿ? ಚೀಲದ ತಳದಲ್ಲಾ?

ಗುಡ್ಡದಾರಿ:

ಹೌದು, ಚೀಲದೊಳಗೆ, ತಳದಲ್ಲಿ.

ತೂಕದಕಟ್ಟು:

ಹಾಗಾದರೆ ಹಿಂದಕ್ಕೆಳೆಯೋದು ಆ ಮರಳೇ. 12 ಕೆಜಿಯ ಎರಡು ಗಂಟು ಮಾಡಿ, ಶೆಲ್ಫಿನಲ್ಲಿ ಫ್ರೇಮಿಗೆ ಅಂಟಿಸಿ ಕಟ್ಟಿ ಒಂದು ಗಂಟೆ ನಡೆಯಿರಿ, ಅರ್ಧ ಏರು ಅರ್ಧ ಇಳಿಜಾರು. ಏಳುವಾಗ ನಿಂತಲ್ಲೇ ಎತ್ತಿ ಹಾಕಿಕೊಳ್ಳೋ ಸಾಹಸ ಬೇಡ. ಬ್ಯಾಗನ್ನು ಇಳಿಜಾರಿನ ಮೇಲ್ಗಡೆಗೆ ಒರಗಿಸಿ, ಅದರ ಮುಂದೆ ಕೂತು ಸ್ಟ್ರಾಪ್ ಹಾಕಿ, ಒಂದು ಪಕ್ಕಕ್ಕೆ ಹೊರಳಿ ಅಂಬೆಗಾಲಿಗೆ ಬಂದು, ಕೋಲೂರಿ ಏಳಿ. ಹಳ್ಳ ದಾಟುವಾಗ ಸೊಂಟದ, ಎದೆಯ ಬಕಲ್ ಎರಡೂ ಬಿಚ್ಚಿರಲಿ. ಕೊಂಬು ಕಟ್ಟಿದ್ದರೆ ಮೇಲೊಂದು ಕಿತ್ತಳೆ ಬಟ್ಟೆ ಸುತ್ತಿ, ದೂರದಿಂದ ನೋಡಿದವರಿಗೆ ನೀವು ಎಲ್ಕಿನ ಹಾಗೇ ಕಾಣ್ತೀರಿ.

ಗುಡ್ಡದಾರಿ:

ಗಂಟು ಮೇಲೇರಿಸಿದ ಮೇಲೆ ಎಳೆತ ನಿಂತಿತು. ಲಿಫ್ಟರ್ ಸಡಿಲಿಸಿದ ಮೇಲೆ ಬುಡದ ನೋವೂ ಇಲ್ಲ. ಈಗ ಉಳಿದಿರೋದು ಹೆಜ್ಜೆಗೊಂದು ಕಿರ್ ಕಿರ್ ಸದ್ದು, ಎಡಗಡೆಯಿಂದ.

ಹೊಲಿಗೆಪೆಟ್ಟಿಗೆ:

ಫ್ರೇಮಿನ ತಳ ಬೆಲ್ಟಿನ ಜೇಬಿಗೆ ಸೇರೋ ಜಾಗ ನೋಡಿ, ಮರಳು ಸೇರಿರುತ್ತೆ. ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತುದಿಗೆ ಮೇಣ ಉಜ್ಜಿ. ಅಡುಗೆ ಎಣ್ಣೆ ಹಾಕಬೇಡಿ, ಧೂಳು ಹಿಡಿಯುತ್ತೆ, ಅದರ ವಾಸನೆಗೆ ಕರಡಿಯೂ ಬರುತ್ತೆ.