ಭಾವನ ಕಾರಿನ ಮಂಕಾದ ಹೆಡ್‌ಲೈಟಿಗೆ

ಭಾವ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ಮಂಕಾದ ಹೆಡ್‌ಲೈಟಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಸ್ವಲ್ಪ ಉದ್ದ ಆಗುತ್ತೆ, ಟೀ ಹಿಡ್ಕೊಂಡು ಕೂತು ಕೇಳಿ.

ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಹೆಡ್‌ಲೈಟ್ ಹೊಸದಾಗುತ್ತೆ ಅಂತ ಅಕ್ಕ ಕಳಿಸಿದ ವಿಡಿಯೋ ಸುಳ್ಳಲ್ಲ, ಅರ್ಧ ನಿಜ. ಪೇಸ್ಟಲ್ಲಿ ಸಣ್ಣ ತರಿ ಇರುತ್ತೆ, ಉಜ್ಜಿದರೆ ಮೇಲಿನ ಮಂಕು ಒಂದಿಷ್ಟು ಹೋಗುತ್ತೆ, ಹೊಳೆಯುತ್ತೆ. ಕೆಲವೇ ವಾರಕ್ಕೆ ಮತ್ತೆ ಅದೇ ಕಥೆ. ಯಾಕೆ ಅಂದ್ರೆ, ನಾವು ಗ್ಲಾಸ್ ಅಂತ ಕರೆಯೋದು ಗ್ಲಾಸೇ ಅಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಹಳೇ ಅಂಬಾಸಿಡರಿಗೆ ನಿಜವಾದ ಗಾಜು ಇತ್ತು, ಅದಕ್ಕೇ ಅದು ಹಳದಿ ಆಗ್ತಾ ಇರಲಿಲ್ಲ. ಈ ಪ್ಲಾಸ್ಟಿಕ್ಕಿನ ಮೇಲೆ ಫ್ಯಾಕ್ಟರೀಲಿ ಬಿಸಿಲು ತಡೆಯೋ ತೆಳು ಪದರ ಕೊಟ್ಟಿರ್ತಾರೆ. ವರ್ಷಾನುಗಟ್ಟಲೆ ಬಿಸಿಲಿಗೆ ಸತ್ತಿರೋದು ಆ ಪದರ. ಅದನ್ನ ತೆಗೆದು ಹೊಳಪು ಕೊಡೋದು ಅರ್ಧ ಕೆಲಸ. ಹೊಸ ಪದರ ಹಾಕೋದೇ ಅಸಲಿ ಕೆಲಸ.

ಚಿಕ್ಕಪ್ಪ, ಲೈಟ್ ಒರೆಸೋಕೆ ನೀವು ಹೇಳಿದ ಪೆಟ್ರೋಲು, ಪೇಂಟ್ ತೆಳು ಮಾಡೋ ಥಿನ್ನರ್ ಮಾತ್ರ ಬೇಡವೇ ಬೇಡ. ಪಾಲಿಕಾರ್ಬೊನೇಟಿಗೆ ಥಿನ್ನರ್ ತಾಗಿದರೆ ಒಳಗೊಳಗೇ ಜೇಡರ ಬಲೆ ಥರ ಬಿರುಕು ಬಿಡುತ್ತೆ. ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ, ಹೊಸ ಲೈಟೇ ಗತಿ.

ಶುರು ಮಾಡೋಕೆ ಮುಂಚೆ ಒಂದು ಪರೀಕ್ಷೆ. ಲೈಟ್ ಮೇಲೆ ಒಂದು ಚೊಂಬು ನೀರು ಹಾಕಿ. ಒದ್ದೆ ಇರೋವಾಗ ಒಳಗಿನ ಬಲ್ಬು ತಿಳಿಯಾಗಿ ಕಂಡು, ಒಣಗಿದ ಮೇಲೆ ಮತ್ತೆ ಮಂಕಾದರೆ ತೊಂದರೆ ಹೊರಗಡೆ, ಮನೇಲೇ ಸರಿ ಹೋಗುತ್ತೆ. ನೀರು ಹಾಕಿದರೂ ಏನೂ ಬದಲಾಗದಿದ್ದರೆ ಮಂಕು ಒಳಗಡೆ ಇದೆ, ಹೊರಗೆ ಉಜ್ಜಿ ಪ್ರಯೋಜನ ಇಲ್ಲ.

ಸಾಮಾನು ಪೇಂಟ್ ಅಂಗಡೀಲಿ ಸಿಗುತ್ತೆ. ವಾಟರ್ ಪೇಪರ್, ಅಂದ್ರೆ ನೀರು ಹಾಕಿ ಉಜ್ಜೋ ಮರಳು ಕಾಗದ, 800, 1500, 2000 ನಂಬರು (ನಂಬರ್ ಹೆಚ್ಚಿದಷ್ಟೂ ತರಿ ನುಣುಪು), ಒಂದೊಂದು ಶೀಟು. ಮಾಸ್ಕಿಂಗ್ ಟೇಪು. ಒಂದು ಗಟ್ಟಿ ಸ್ಪಂಜು. ಒರೆಸೋಕೆ ಐಸೊಪ್ರೊಪೈಲ್ ಆಲ್ಕೋಹಾಲ್. ಹೆಡ್‌ಲೈಟಿಗೇ ಅಂತ ಬರೋ ಯುವಿ ಕ್ಲಿಯರ್ ಸ್ಪ್ರೇ, ಬಿಸಿಲು ತಡೆಯೋ ಹೊಸ ಪದರ ಇದೇ. ಪೇಪರನ್ನ ನಾಲ್ಕು ತುಂಡು ಮಾಡಿ, ಎರಡು ಹನಿ ಶಾಂಪೂ ಹಾಕಿದ ನೀರಲ್ಲಿ ಹತ್ತು ನಿಮಿಷ ನೆನೆಸಿ. ಲೈಟಿನ ಸುತ್ತ ಬಾನೆಟ್ಟು, ಬಂಪರ್ ಅಂಚಿಗೆ ಟೇಪು ಎರಡು ಸುತ್ತು ಹಾಕಿ. ಒಂದೇ ಸುತ್ತಾದ್ರೆ ಪೇಪರ್ ತಾಗಿ ಹರಿಯುತ್ತೆ, ಬಣ್ಣ ಹೋಗುತ್ತೆ.

ಈಗ 800. ಪೇಪರನ್ನ ಸ್ಪಂಜಿಗೆ ಸುತ್ತಿ ಉಜ್ಜಿ, ಬರೀ ಬೆರಳಲ್ಲಿ ಒತ್ತಿದರೆ ಗೆರೆ ಗುಂಡಿ ಬೀಳುತ್ತೆ. ಅಡ್ಡಡ್ಡ ಮಾತ್ರ, ಸುತ್ತು ಸುತ್ತು ಬೇಡ. ನೀರು ಬಿಡ್ತಾನೇ ಇರಿ. ಇಳಿಯೋ ನೀರನ್ನ ನೋಡ್ತಾ ಇರಿ ಭಾವ, ಮೊದಲು ಅರಿಶಿನ ಕದಡಿದ ಹಾಗೆ ಹಳದಿ ಬರುತ್ತೆ, ಬರ್ತಾ ಬರ್ತಾ ಅಕ್ಕಿ ತೊಳೆದ ನೀರಿನ ಥರ ಬೆಳ್ಳಗಾಗುತ್ತೆ. ಬೆಳ್ಳಗಾದ ಮೇಲೂ ಒಂದ್ಸಲ ಪೂರ್ತಿ ಒಣಗಿಸಿ ಓರೆಯಾಗಿ ನೋಡಿ. ಎಲ್ಲಾದರೂ ಭೂಪಟದ ಗಡಿ ಥರ ಅಂಚು ಕಂಡರೆ ಅಲ್ಲಿ ಹಳೇ ಪದರ ಉಳಿದಿದೆ ಅಂತ. ಬಹಳ ಜನ ಕೆಡಿಸೋದು ಇಲ್ಲೇ. ಆ ಅಂಚು ಬಿಟ್ಟು ಮುಂದೆ ಹೋದರೆ ಹೊಸ ಕೋಟು ಅಲ್ಲಿಂದಲೇ ಸಿಪ್ಪೆ ಏಳುತ್ತೆ.

ಆಮೇಲೆ 1500, ಈ ಸಲ ಮೇಲಿಂದ ಕೆಳಕ್ಕೆ. ದಿಕ್ಕು ಬದಲಾಯಿಸಿದರೆ 800ರ ಅಡ್ಡಗೆರೆ ಉಳಿದಿದ್ದು ಕಣ್ಣಿಗೆ ಬೀಳುತ್ತೆ, ಅದು ಪೂರ್ತಿ ಹೋಗೋವರೆಗೂ 2000ಕ್ಕೆ ಕೈ ಹಾಕಬೇಡಿ. 2000 ಮತ್ತೆ ಅಡ್ಡಡ್ಡ. ನಂಬರ್ ಬದಲಾಯಿಸೋವಾಗ ಬಕೆಟ್ ನೀರೂ ಬದಲಾಯಿಸಿ, ಹಳೇ ನೀರಿನ ಒಂದು ಮರಳು ಕಾಳು ಸಾಕು, ಮಾಡಿದ್ದೆಲ್ಲ ಗೀರು. ಇಷ್ಟೆಲ್ಲ ಆದಮೇಲೂ ಲೈಟು ಹಾಲು ಬಳಿದ ಹಾಗೆ ಕಾಣುತ್ತೆ, ಗಾಬರಿ ಆಗಬೇಡಿ.

ಇಲ್ಲಿಂದ ದಾರಿ ಎರಡು. ಸ್ಪ್ರೇ ಹೊಡಿಯೋದಾದ್ರೆ ರಬ್ಬಿಂಗ್ ಕಾಂಪೌಂಡ್, ಅಂದ್ರೆ ಉಜ್ಜಿ ಹೊಳಪು ಕೊಡೋ ಪೇಸ್ಟು, ಹಾಕಲೇಬೇಡಿ. ಕಾಂಪೌಂಡಿನ ಎಣ್ಣೆ ಉಳಿದರೆ ಕೋಟು ಚುಕ್ಕೆ ಚುಕ್ಕೆಯಾಗಿ ಗುಳಿ ಬೀಳುತ್ತೆ. ಜೊತೆಗೆ ತೀರಾ ನುಣ್ಣಗಾದ ಮೇಲೆ ಕೋಟು ಹಿಡಿಯೋದೂ ಕಷ್ಟ. ಹಾಲುಬಣ್ಣದ ಮೇಲೇ ಹೊಡೀಬೇಕು, ಸ್ಪ್ರೇ ಬಿದ್ದ ತಕ್ಷಣ ಆ ಸಣ್ಣ ಗೀರೆಲ್ಲ ತುಂಬಿ ತಿಳಿಯಾಗುತ್ತೆ. ಆಲ್ಕೋಹಾಲಲ್ಲಿ ಒರೆಸಿ, ಕೈ ಮುಟ್ಟಿಸದೆ, ನೆರಳಲ್ಲಿ, ಗಾಳಿ ಇಲ್ಲದ ಹೊತ್ತಲ್ಲಿ, ಒಂದು ಗೇಣು ದೂರದಿಂದ ಮೊದಲು ತೆಳುವಾಗಿ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಇನ್ನೆರಡು ಕೋಟು. ಮಳೆ ಮೋಡದ ದಿನ ಬೇಡ, ತೇವಕ್ಕೆ ಬೆಳ್ಳಗೆ ಮಬ್ಬು ಕೂರುತ್ತೆ. ಟೇಪನ್ನ ಕೋಟು ಪೂರ್ತಿ ಗಟ್ಟಿಯಾಗೋ ಮುಂಚೆ ನಿಧಾನಕ್ಕೆ ಎಳೀರಿ. ಒಂದು ದಿನ ನೀರು ತಾಗಬಾರದು, ಒಂದು ವಾರ ಪ್ರೆಷರ್ ವಾಷ್ ಬೇಡ.

ಗಟ್ಟಿ ಬಾಳಿಕೆ ಬೇಕು ಅಂದ್ರೆ 2ಕೆ ಕ್ಲಿಯರ್, ಅಂದ್ರೆ ಗಟ್ಟಿಯಾಗಿಸೋ ಹಾರ್ಡನರನ್ನ ಬೇರೆಯಾಗಿ ಸೇರಿಸೋ ಕೋಟು, ಒಳ್ಳೇದು. ಆದರೆ ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಯಾತಕ್ಕೂ ಸಾಲಲ್ಲ. ಅದನ್ನ ಮನೇಲಿ ಮಾಡಬೇಡಿ. ಉಜ್ಜೋದು ನೀವು ಮುಗಿಸಿ, ಸ್ಪ್ರೇ ಮಾತ್ರ ಪೇಂಟಿಂಗ್ ಶಾಪಲ್ಲಿ ಹೊಡೆಸಿ.

ಸ್ಪ್ರೇ ಸಹವಾಸವೇ ಬೇಡ ಅಂದ್ರೆ ಎರಡನೇ ದಾರಿ. 2000 ಆದಮೇಲೆ 3000, ಆಮೇಲೆ ಕಾಂಪೌಂಡ್, ಮೇಲೆ ವ್ಯಾಕ್ಸ್. ಡ್ರಿಲ್ಲಿಗೆ ಪ್ಯಾಡ್ ಹಾಕೋದಾದ್ರೆ ನಿಧಾನ ಸ್ಪೀಡು, ಒಂದೇ ಕಡೆ ನಿಲ್ಲಿಸಬೇಡಿ, ಕಾವಿಗೆ ಪ್ಲಾಸ್ಟಿಕ್ ಕರಗುತ್ತೆ. ವ್ಯಾಕ್ಸನ್ನ ತಿಂಗಳಿಗೊಮ್ಮೆ ಹಚ್ತಾನೇ ಇರಬೇಕು, ಮರೆತರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ನಿಮ್ಮ ಸೋಮಾರಿತನ ಗೊತ್ತಿರೋದ್ರಿಂದ ಸ್ಪ್ರೇನೇ ನನ್ನ ವೋಟು.

ಮಂಕಿದೆ ಅಂತ 100/90 ವಾಟ್ (ಹೈ ಬೀಮ್/ಲೋ ಬೀಮ್) ಬಲ್ಬ್ ಮಾತ್ರ ಹಾಕಿಸಬೇಡಿ, 60/55 ವಾಟಿಗೆ ಮಾಡಿದ ಹೋಲ್ಡರ್ ಸುಡುತ್ತೆ. ಸಂಜೆ ಆ ಚೊಂಬು ನೀರಿನ ಪರೀಕ್ಷೆ ಮಾಡಿ, ಒದ್ದೆ ಇರೋವಾಗಿನ ಫೋಟೋ ಒಂದು, ಒಣಗಿದ ಮೇಲಿನದು ಒಂದು ಇಲ್ಲೇ ಹಾಕಿ, 800ರಿಂದ ಶುರು ಮಾಡಬೇಕಾ ಸೀದಾ 1500 ಸಾಕಾ ಅಂತ ನೋಡಿ ಹೇಳ್ತೀನಿ.