ಅಪ್‌ಡೇಟ್: ಪವರ್ ಸಪ್ಲೈ ಫ್ಯೂಸ್ ಹಾರುತ್ತಿದ್ದ ಕಾರಣ ಸಿಕ್ಕಿತು

ಸೋಮವಾರಪೇಟೆ ಹತ್ತಿರದ ನಮ್ಮ ಮನೆಯ 12 ವೋಲ್ಟ್ ಡಿಸಿ ಪವರ್ ಸಪ್ಲೈ ಆನ್ ಮಾಡಿದ ಕೂಡಲೇ 2 ಆಂಪಿಯರ್ ಫ್ಯೂಸ್ ಹಾರುತ್ತಿದೆ, ಯಾಕೆ ಎಂದು ಇಲ್ಲಿ ಹಿಂದೆ ಕೇಳಿದ್ದೆ. ದೊಡ್ಡ ಫ್ಯೂಸ್ ಹಾಕಿ ಅಂದವರೂ ಇದ್ದರು. ಹಾಕಲಿಲ್ಲ, ಹಾಕಿದ್ದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುತ್ತಿತ್ತು.

ಸೀರೀಸ್ ಬಲ್ಬ್ (ಕರೆಂಟ್ ಬರುವ ದಾರಿಯಲ್ಲೇ ಜೋಡಿಸುವ ಬಲ್ಬ್) ಹಾಕಿ ನೋಡು ಅಂದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. 60 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಸೇರಿಸಿದೆ, ಝಗ್ಗೆಂದು ಉರಿಯಿತು, ಅಂದರೆ ಎಲ್ಲೋ ಶಾರ್ಟ್ ಇದೆ. ಟ್ರಾನ್ಸ್‌ಫಾರ್ಮರ್ ಸೆಕೆಂಡರಿ (ಔಟ್‌ಪುಟ್ ಕಡೆಯ) ವೈರ್ ಬಿಚ್ಚಿದೆ, ಬಲ್ಬ್ ಮಂಕಾಯಿತು. ಅಂದರೆ ಟ್ರಾನ್ಸ್‌ಫಾರ್ಮರ್ ಸರಿಯಿದೆ, ತೊಂದರೆ ಅದರ ಮುಂದೆ. ಪ್ಲಗ್ ಕಿತ್ತು, ಕೆಪಾಸಿಟರ್ ಚಾರ್ಜನ್ನು ರೆಸಿಸ್ಟರ್‌ನಿಂದ ಇಳಿಸಿ, ಬ್ರಿಡ್ಜ್ ರೆಕ್ಟಿಫೈಯರನ್ನು (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಜೋಡಣೆ; ಡಯೋಡ್ ಕರೆಂಟನ್ನು ಒಂದೇ ಕಡೆಗೆ ಬಿಡುತ್ತದೆ) ಹೊರತೆಗೆದು ಮಲ್ಟಿಮೀಟರ್‌ನ ಡಯೋಡ್ ಮೋಡ್‌ನಲ್ಲಿ ಅಳೆದೆ. ಮೂರು ಡಯೋಡ್ ಒಂದು ಕಡೆಗೆ ಮಾತ್ರ 0.5 ವೋಲ್ಟ್ ಆಸುಪಾಸು ತೋರಿಸಿದವು. ನಾಲ್ಕನೆಯದು ಎರಡೂ ಕಡೆಗೆ ಸೊನ್ನೆ! ಒಂದು ಶಾರ್ಟ್ ಆದರೆ ಸಾಕು, ಪ್ರತಿ ಸೈಕಲ್‌ನ ಅರ್ಧದಲ್ಲಿ ಇನ್ನೊಂದು ಡಯೋಡ್ ಮೂಲಕ ಸೆಕೆಂಡರಿಯೇ ಶಾರ್ಟ್ ಆಗುತ್ತದೆ.

ಮಡಿಕೇರಿಯಿಂದ 1000 ವೋಲ್ಟ್, 35 ಆಂಪಿಯರ್ ಬ್ರಿಡ್ಜ್ ತಂದು, ಹೀಟ್‌ಸಿಂಕ್ ಪೇಸ್ಟ್ ಹಚ್ಚಿ ಕೂರಿಸಿದೆ. ಈಗ ಬಲ್ಬ್ ಒಂದು ಕ್ಷಣ ಮಿಂಚಿ ಮಂಕಾಗುತ್ತದೆ, ಕೆಪಾಸಿಟರ್ ತುಂಬುವಾಗಿನ ಕರೆಂಟ್ ಅದು. ಬಲ್ಬ್ ತೆಗೆದು ಅದೇ 2 ಆಂಪಿಯರಿನ ಸ್ಲೋ ಬ್ಲೋ (ಕ್ಷಣಕಾಲದ ಹೆಚ್ಚು ಕರೆಂಟಿಗೆ ಹಾರದ) ಫ್ಯೂಸ್ ಹಾಕಿದ್ದೇನೆ. ಮೂರು ದಿನದಿಂದ ಹಾರಿಲ್ಲ.

ಕಾಫಿ ಹೂವಿನ ಮಳೆ ಸಮಯದ ಗುಡುಗು ಸಿಡಿಲಿಗೇ ಡಯೋಡ್ ಹೋಗಿರಬೇಕು ಎಂದು ನನ್ನ ಅನುಮಾನ. ಇನ್ನು ಮೋಡ ಕಟ್ಟಿದರೆ ಪ್ಲಗ್ಗೇ ಕಿತ್ತಿಡುತ್ತೇನೆ.