ಹಳೇ ಮರದ ಕಿಟಕಿ ಸಂದಿಯಲ್ಲಿ ಚಳಿಗಾಳಿ, ಏನು ಮಾಡುವುದು?

ಘಟ್ಟದ_ಬುಡ:
ಮೊದಲೇ ಹೇಳುತ್ತೇನೆ, ಮಂಗಳೂರಿನವರು ನಗಬೇಡಿ. ನಮ್ಮ ಮನೆ ಹೆಬ್ರಿ ಹತ್ತಿರ, ಆಗುಂಬೆ ಘಟ್ಟದ ಕೆಳಗೆ. ಡಿಸೆಂಬರ್ ಬಂತೆಂದರೆ ಬೆಳಗಿನ ಜಾವ ಘಟ್ಟದ ಕಡೆಯಿಂದ ತಣ್ಣಗೆ ಗಾಳಿ ಇಳಿಯುತ್ತದೆ. ಅಜ್ಜಿಗೆ 84. ಅವರ ಕೋಣೆಗೆ ಮೂಡು ದಿಕ್ಕಿನಲ್ಲಿ ಒಂದೇ ಕಿಟಕಿ, ಹಲಸಿನ ಮರದ್ದು, ಎರಡು ಬಾಗಿಲಿನದ್ದು, ಅಜ್ಜನ ಕಾಲದ್ದು. ಮಳೆಗಾಲದಲ್ಲಿ ಉಬ್ಬಿ ಮುಚ್ಚಲಿಕ್ಕೇ ಬರುವುದಿಲ್ಲ, ಈಗ ನೋಡಿದರೆ ಒಣಗಿ ನಡುವೆ ಪೆನ್ಸಿಲ್ ತೂರುವಷ್ಟು ಸಂದಿ. ಹೋದ ವರ್ಷ ಅಂಟಿನ ಸ್ಪಂಜು ಪಟ್ಟಿ ತಂದು ಹಚ್ಚಿದ್ದೆ. ಜೂನ್‌ನಲ್ಲಿ ಅದು ನೀರು ಕುಡಿದು ಜೋತುಬಿತ್ತು, ಕಿತ್ತರೆ ಪೈಂಟೂ ಜೊತೆಗೇ ಬಂತು. ಸಿಲಿಕಾನ್ ಹಾಕಿ ಪೂರ್ತಿ ಮುಚ್ಚಿಬಿಡುವ ಅಂತ ತಮ್ಮ ಹೇಳುತ್ತಾನೆ. ಯಾರಾದರೂ ಮಾಡಿ ನೋಡಿದ್ದೀರಾ?

ಕದ್ರಿ_ಗುಡ್ಡೆ:
ನಕ್ಕೆ, ಕ್ಷಮಿಸಿ. ಇಲ್ಲಿ ಜನವರಿಯಲ್ಲೂ ರಾತ್ರಿ 20 ಡಿಗ್ರಿ ಆಸುಪಾಸು, ಫ್ಯಾನ್ ನಿಲ್ಲಿಸಿದ್ದೇ ಇಲ್ಲ. ನಿಮ್ಮ ಗಾಳಿಯನ್ನು ಸ್ವಲ್ಪ ಇತ್ತ ಕಳಿಸಿ ಮಾರಾಯ್ರೆ.

ಉಳಿ_ಸುತ್ತಿಗೆ:
ತಮ್ಮನ ಮಾತು ಕೇಳಬೇಡಿ. ಸಿಲಿಕಾನ್ ಇರುವುದು ಅಲುಗಾಡದ ಜಾಗಕ್ಕೆ. ದಾರಂದಕ್ಕೂ ಗೋಡೆಗೂ ನಡುವೆ ಬಿರುಕಿದ್ದರೆ ಅಲ್ಲಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅಂಗಡಿಯಲ್ಲಿ ಕೇಳಿ ತಗೊಳ್ಳಿ. ವಿನೆಗರ್ ವಾಸನೆ ಬರುವ ಜಾತಿ ಸಿಮೆಂಟಿಗೆ ಸರಿಯಾಗುವುದಿಲ್ಲ, ನ್ಯೂಟ್ರಲ್ ಅಂತ ಬರೆದದ್ದು ಬೇಕು. ಸಾಮಾನ್ಯ ಸಿಲಿಕಾನ್ ಮೇಲೆ ಪೈಂಟ್ ಹಿಡಿಯುವುದಿಲ್ಲ, ಅದೂ ನೆನಪಿರಲಿ.

ತೆರೆದು ಮುಚ್ಚುವ ಬಾಗಿಲಿನ ಕಥೆಯೇ ಬೇರೆ. ಮರ ಗಾಳಿಯ ತೇವ ಎಳೆದುಕೊಂಡು ಅಡ್ಡಕ್ಕೆ ಹಿಗ್ಗುತ್ತದೆ, ಒಣ ಹವೆಗೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚೇನೂ ಆಗುವುದಿಲ್ಲ. ಈಗ ಕಾಣುವ ಸಂದಿಯನ್ನು ಈಗಲೇ ತುಂಬಿಸಿದರೆ ಜೂನ್‌ನಲ್ಲಿ ಬಾಗಿಲಿಗೆ ಹಿಗ್ಗಲು ಜಾಗ ಎಲ್ಲಿ? ಹಾಗೆಯೇ ಮಳೆಗಾಲದಲ್ಲಿ ಸಿಟ್ಟಿಗೆ ಕೀಸುಳಿ ಹಿಡಿದು ಕೀಸಿದವರದ್ದೇ ಈ ಚಳಿಗಾಲದ ಸಂದಿ, ನಿಮ್ಮಲ್ಲೂ ಯಾರೋ ಕೀಸಿರಬೇಕು. ನಡುವಿನ ಸಂದಿಗೆ ಒಂದೂವರೆ ಇಂಚಿನ ತೆಳು ಮರದ ಪಟ್ಟಿ ಹೊಡೆಸಿ, ಒಂದು ಬಾಗಿಲಿಗೆ ಮಾತ್ರ ಮೊಳೆ, ಇನ್ನೊಂದರ ಮೇಲೆ ಸುಮ್ನೆ ಒರಗಿರಬೇಕು. ನನ್ನ ಅಳಿಯ ಎರಡಕ್ಕೂ ಹೊಡೆದು ಕಿಟಕಿಯನ್ನೇ ಗೋಡೆ ಮಾಡಿದ್ದ. ಸುತ್ತಲಿನ ಅಂಚಿಗೆ ಸ್ಪಂಜಲ್ಲ, ಒಳಗೆ ಟೊಳ್ಳಿರುವ ರಬ್ಬರ್ ಪಟ್ಟಿ ಸಿಗುತ್ತದೆ, ಅದು ನೀರು ಕುಡಿಯುವುದಿಲ್ಲ. ಹಚ್ಚುವ ಮೊದಲು ಮರ ಒಣಗಿರಬೇಕು, ಧೂಳು ಒರೆಸಿರಬೇಕು. ಅಂಟು ಕಿತ್ತು ಬರುವುದು ಹೆಚ್ಚಾಗಿ ಧೂಳಿಂದಲೇ.

ಹಂಚಿನ_ಮಾಡು:
ಎಲ್ಲರೂ ಕಿಟಕಿಯನ್ನೇ ಬೈಯ್ಯುತ್ತಿದ್ದೀರಿ. ಒಮ್ಮೆ ಮೇಲೆ ನೋಡಿ. ಆ ಕೋಣೆಗೆ ಮುಚ್ಚಿಗೆ ಇದೆಯಾ? ಇಲ್ಲ, ಮಲಗಿದರೆ ಪಕ್ಕಾಸು ರೀಪು ಹಂಚೇ ಕಾಣುತ್ತದೆ ಅಂತಾದರೆ ಕಿಟಕಿ ಎಷ್ಟು ಮುಚ್ಚಿದರೂ ಅಷ್ಟಕ್ಕಷ್ಟೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮೂರ ಮಾಡೆಲ್ಲ ಈ ಹಂಚಿನದ್ದೇ ಆಯಿತಲ್ಲ, ಅದರ ಗುಣವೇ ಅದು, ಹಂಚು ಹಂಚಿನ ನಡುವೆ ಬಿಸಿಗಾಳಿ ಮೇಲಕ್ಕೆ ಹೋಗುತ್ತಿರುತ್ತದೆ. ಬೇಸಿಗೆಗೆ ಅದು ಪುಣ್ಯ. ಚಳಿಗೆ ಅದೇ ಪಾಪ: ಮೇಲೆ ಬಿಸಿಗಾಳಿ ಹೋದಷ್ಟೂ ಕೆಳಗಿನ ಸಂದಿಗಳಿಂದ ತಣ್ಣನೆಯದು ಒಳಗೆ ಎಳೆದುಕೊಳ್ಳುತ್ತದೆ.

ಪರೀಕ್ಷೆ ಸುಲಭ. ಬೆಳಗಿನ ಜಾವ ಫ್ಯಾನ್ ಆಫ್ ಮಾಡಿ ಒಂದು ಊದುಬತ್ತಿ ಹಚ್ಚಿ ಕಿಟಕಿ ಸುತ್ತ ಮೆಲ್ಲಗೆ ತನ್ನಿ. ಹೊಗೆ ಎಲ್ಲಿ ಅಡ್ಡಕ್ಕೆ ತಿರುಗುತ್ತದೋ ಅಲ್ಲಿ ಗಾಳಿ ನುಗ್ಗುತ್ತಿದೆ. ಗೋಡೆಯ ತಲೆಗೂ ಮಾಡಿಗೂ ನಡುವಿನ ಜಾಗವನ್ನೂ ನೋಡಿ, ಬಾಗಿಲಡಿಯನ್ನೂ.

ಕುಂದಾಪ್ರ_ಕೆನಡಾ:
ಇಲ್ಲಿ ಚಳಿಗಾಲಕ್ಕೆ ಕಿಟಕಿಯ ಒಳಗಡೆ ತೆಳು ಪ್ಲಾಸ್ಟಿಕ್ ಹಾಳೆ ಟೇಪಿನಿಂದ ಅಂಟಿಸಿ, ಕೂದಲು ಒಣಗಿಸುವ ಡ್ರೈಯರ್ ಹಿಡಿದು ಬಿಗಿ ಮಾಡುತ್ತೇವೆ. ಗಾಜಿಗೂ ಹಾಳೆಗೂ ನಡುವೆ ನಿಂತ ಗಾಳಿಯೇ ಕಂಬಳಿ ಇದ್ದ ಹಾಗೆ. ಆದರೆ ತಿಂಗಳುಗಟ್ಟಲೆ ಕಿಟಕಿ ತೆರೆಯುವ ಹಾಗಿಲ್ಲ. ಹೆಬ್ರಿಯಲ್ಲಿ ಹತ್ತು ಗಂಟೆಗೆ ಬಿಸಿಲು ಸುರಿಯುತ್ತದೆ, ಇದೆಲ್ಲ ಯಾಕೆ? ನೆಲ ಮುಟ್ಟುವ ದಪ್ಪ ಪರದೆ ಸಾಕು.

ಘಟ್ಟದ_ಬುಡ:
ಊದುಬತ್ತಿ ಹಿಡಿದೆ. ದೇವರ ಕೋಣೆ ಬಿಟ್ಟು ಇಲ್ಲೇನು ಪೂಜೆ ಅಂತ ಅಜ್ಜಿ ಕೇಳಿದರು. ನಡುವಿನ ಸಂದಿಯಲ್ಲಿ ಹೊಗೆ ಜೋರಾಗಿ ಒಳಗೆ ಬಾಗಿತು, ಅದು ಗೊತ್ತಿದ್ದದ್ದೇ. ಮುಚ್ಚಿಗೆ ಇಲ್ಲ, ಹಂಚಿನ ಮಾಡಿನವರು ಹೇಳಿದ್ದು ನಿಜ, ಹೊಗೆ ನೆಟ್ಟಗೆ ಹಂಚಿಗೇ ಹೋಯಿತು. ಈಗ ಅಜ್ಜಿ ಮಂಚದ ಕೆಳಗೆ ಒಂದು ಚಟ್ಟಿಯಲ್ಲಿ ಕೆಂಡ ಇಡು, ಮೊದಲೆಲ್ಲ ಹಾಗೇ ಮಾಡುತ್ತಿದ್ದದ್ದು ಅನ್ನುತ್ತಾರೆ.

ಉಳಿ_ಸುತ್ತಿಗೆ:
ಬೇಡವೇ ಬೇಡ. ಮೊದಲು ಎಲ್ಲ ಕಡೆ ಗಾಳಿ ಆಡುತ್ತಿತ್ತು, ಈಗ ನೀವು ಸಂದಿ ಮುಚ್ಚಲು ಹೊರಟವರು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಬಚ್ಚಲಿಗೆ ಗ್ಯಾಸ್ ಗೀಸರ್ ಇದ್ದರೆ ಅಲ್ಲಿನ ಗಾಳಿಕಿಂಡಿಯನ್ನೂ ಮುಟ್ಟಬೇಡಿ. ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಕಾಲ ಹತ್ತಿರ ಇಡಿ.

ಹಂಚಿನ_ಮಾಡು:
ಮುಚ್ಚಿಗೆ ಮಾಡಿಸುವುದು ದೊಡ್ಡ ಖರ್ಚು, ಈ ವರ್ಷಕ್ಕೆ ಸೊಳ್ಳೆಪರದೆ ಕಟ್ಟಿ ಅದರ ತಲೆಯ ಮೇಲೆ ಒಂದು ಹಳೇ ಬೆಡ್‌ಶೀಟ್ ಹಾಸಿ, ಬದಿ ಮುಚ್ಚಬೇಡಿ. ಮಂಚವನ್ನು ಕಿಟಕಿಯಿಂದ ದೂರ, ಒಳಗೋಡೆಗೆ ಸರಿಸಿ. ದುಡ್ಡಿಲ್ಲದೆ ಆಗುವ ಕೆಲಸ ಮೊದಲು ಮಾಡಿ.

ಘಟ್ಟದ_ಬುಡ:
ಬೆಡ್‌ಶೀಟ್ ಹಾಕಿದೆವು, ನಿನ್ನೆ ರಾತ್ರಿ ಅಜ್ಜಿ ಒಂದೇ ಸಲ ಎದ್ದದ್ದು. ಪಟ್ಟಿ ಹೊಡೆಯಲು ಆಚಾರ್ರು ಶನಿವಾರ ಬರುತ್ತಾರೆ. ಮಂಚ ಮಾತ್ರ ಒಂದಿಂಚೂ ಸರಿದಿಲ್ಲ. ಅಲ್ಲಿ ಮಲಗಿದರೆ ಅಂಗಳಕ್ಕೆ ಯಾರು ಬಂದರೂ ಕಾಣುತ್ತದಂತೆ.